ಪಿ.ಬಿ. ರಸ್ತೆ ದಾಟುವವರು

ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಬಾಗಿಲು ಬಲಗಡೆ ಇದೆ. ಉಳಿದ ಬಸ್ಸುಗಳ ಹಾಗೆ ಅದು ರಸ್ತೆಯ ಅಂಚಿಗೆ ಬಂದು ನಿಲ್ಲುವುದಿಲ್ಲ. ಹೆದ್ದಾರಿಯ ನಟ್ಟನಡುವೆ ಕಟ್ಟಿದ ಗಾಜಿನ ಬಾಗಿಲಿನ ನಿಲ್ದಾಣಕ್ಕೆ ಒತ್ತಿ ನಿಲ್ಲುತ್ತದೆ. ಹತ್ತಬೇಕಾದವರು ಮೊದಲು ಅರ್ಧ ರಸ್ತೆ ದಾಟಬೇಕು, ಇಳಿದವರು ಮತ್ತೆ ಅರ್ಧ ರಸ್ತೆ ದಾಟಬೇಕು. ಬೆಳಿಗ್ಗೆ ಹೋಗಿ ಸಂಜೆ ಬರುವವರ ಪಾಲಿಗೆ ದಿನಕ್ಕೆ ನಾಲ್ಕು ಸಲ ಈ ಕೆಲಸ. ಬಸ್ಸಿನೊಳಗೆ ಎ.ಸಿ. ಇದೆ, ಪ್ಲಾಟ್‌ಫಾರ್ಮು ಬಸ್ಸಿನ ನೆಲಕ್ಕೆ ಸರಿಸಮವಾಗಿದೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಆದರೆ ಪ್ರಯಾಣ ಸುಖವಾಯಿತೋ ಇಲ್ಲವೋ ಎನ್ನುವುದು ಬಸ್ಸಿನ ಒಳಗೆ ತೀರ್ಮಾನವಾಗುವುದಿಲ್ಲ. ಅಂಗಡಿ ಸಾಲಿನಿಂದ ನಿಲ್ದಾಣದವರೆಗಿನ ಹತ್ತು ಹದಿನೈದು ಮೀಟರಿನಲ್ಲಿ ತೀರ್ಮಾನವಾಗುತ್ತದೆ.

ಈ ರಸ್ತೆಯನ್ನು ಇಲ್ಲಿಯವರು ಇಂದಿಗೂ ಪಿ.ಬಿ. ರಸ್ತೆ ಎಂದೇ ಕರೆಯುತ್ತಾರೆ, ಪುಣೆ–ಬೆಂಗಳೂರು ರಸ್ತೆ. ಮೊದಲು ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. ಸಂಖ್ಯೆಗಳೆಲ್ಲ ಬದಲಾದ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿ 48 ಆಯಿತು. ದೂರದ ಲಾರಿಗಳಿಗೆ ಬೈಪಾಸ್ ಬಂದು, ಅವಳಿ ನಗರದ ನಡುವಿನ ಹಳೆಯ ದಾರಿ ಊರಿನ ರಸ್ತೆಯಾಗಿ ಉಳಿಯಿತು. ಅದರ ಮೇಲೆಯೇ 22 ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಬಿ.ಆರ್.ಟಿ.ಎಸ್., ಅಂದರೆ ತ್ವರಿತ ಬಸ್ ಸಾರಿಗೆಯ ಪಥ ಬಂತು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕ ಓಡಾಟ ಶುರುವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ ನಡೆಯಿತು. ಸಂಖ್ಯೆ ಬದಲಾಗಿದೆ, ದರ್ಜೆ ಬದಲಾಗಿದೆ. ವಾಹನಗಳ ಓಟದಲ್ಲಿ ಮಾತ್ರ ಹೆದ್ದಾರಿಯ ಚಾಳಿ ಇನ್ನೂ ಇದೆ.

ನವನಗರದಲ್ಲಿ ಇಳಿದು ನಿಂತರೆ ಇದು ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಸುತ್ತಲ ಜಿಲ್ಲೆಗಳಿಂದ ಬರುವವರು ಕೈಯಲ್ಲಿ ಎಕ್ಸ್‌ರೇ ಕವರು, ಹೆಗಲಲ್ಲಿ ಬುತ್ತಿ ಚೀಲ, ಪಕ್ಕದಲ್ಲಿ ನಡೆಯಲು ತ್ರಾಣವಿಲ್ಲದ ರೋಗಿಯನ್ನು ಹಿಡಿದುಕೊಂಡು ನಿಲ್ದಾಣದ ತುದಿಗೆ ಬಂದು ನಿಲ್ಲುತ್ತಾರೆ. ಎದುರಿಗೆ ಜೀಬ್ರಾ ಪಟ್ಟೆ. ಅದರ ಮೇಲೆ ಬೈಕು, ಟಂಟಂ, ಕಾರು. ಕಾಲೇಜು ಹುಡುಗರು ಸಂದು ಸಿಕ್ಕೊಡನೆ ದಾಟಿಬಿಡುತ್ತಾರೆ. ವಯಸ್ಸಾದವರಿಗೆ ಆ ಸಂದು ಕಾಣುವುದೇ ತಡ, ಕಂಡ ಮೇಲೆ ಕಾಲು ಏಳುವುದು ಇನ್ನೂ ತಡ.

“ಅಜ್ಜೀ, ಸ್ವಲ್ಪ ನಿಂದ್ರಿ, ಗಾಡಿ ಬರಾಕತ್ತೈತಿ. ಹೂಂ, ಈಗ ಬರ್ರಿ, ನನ್ನ ಕೈ ಹಿಡೀರಿ.”

ಇಂಥ ಮಾತು ಈ ನಿಲ್ದಾಣಗಳ ಬಾಯಲ್ಲಿ ದಿನವೂ ಕೇಳುತ್ತದೆ. ಪರಿಚಯವಿಲ್ಲದವರ ಕೈ ಹಿಡಿದು ದಾಟಿಸುವ ಈ ಜನರ ಅಂತಃಕರಣ ದೊಡ್ಡದು. ಆದರೆ ರಸ್ತೆಯೇ ಮಾಡಬೇಕಾದ ಕೆಲಸವನ್ನು ದಾರಿಹೋಕರ ಒಳ್ಳೆಯತನ ಎಷ್ಟು ದಿನ ಮಾಡೀತು? ಕೈ ಹಿಡಿಯುವವರು ಸಿಗದ ಮಧ್ಯಾಹ್ನವೂ ಇರುತ್ತದಲ್ಲ.

ಹಾಗೆಂದು ನಡುರಸ್ತೆಯ ನಿಲ್ದಾಣವೇ ತಪ್ಪು ಎನ್ನಲಾಗದು. ಸರಿಯಾಗಿ ಮಾಡಿದರೆ ಅದರಲ್ಲೊಂದು ದೊಡ್ಡ ಅನುಕೂಲವಿದೆ. ಇಡೀ ರಸ್ತೆಯನ್ನು ಒಂದೇ ಉಸಿರಿಗೆ ದಾಟಬೇಕಾಗಿಲ್ಲ, ನಡುವೆ ನಿಲ್ಲಲು ಜಾಗವಿದೆ. ಒಂದು ಹೊತ್ತಿಗೆ ಒಂದೇ ದಿಕ್ಕಿನ ವಾಹನ ನೋಡಿಕೊಂಡರೆ ಸಾಕು. ಸಂಚಾರ ಎಂಜಿನಿಯರುಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಲೆಕ್ಕ ಹಾಕುತ್ತಾರೆ. ಮೂರು ಲೇನ್ ಅಂದರೆ ಹತ್ತೂವರೆ ಮೀಟರ್, ಒಂಬತ್ತು ಸೆಕೆಂಡಿನ ದಾರಿ. ಮೊಣಕಾಲು ನೋವಿರುವ ಅಜ್ಜಿಯ ನಡಿಗೆ ಸೆಕೆಂಡಿಗೆ 0.8 ಮೀಟರ್ ಎಂದುಕೊಂಡರೆ ಹದಿಮೂರು ಸೆಕೆಂಡು. ಸಿಗ್ನಲ್ಲಿನ ಹಸಿರು ಯಾರ ನಡಿಗೆಗೆ ಹೊಂದಿಸಿದ್ದು ಎಂಬುದರ ಮೇಲೆ ಆಕೆ ಆಚೆ ದಡ ಸೇರುವುದು ನಿಂತಿದೆ.

ಕಾಯುವುದಕ್ಕೂ ಒಂದು ಮಿತಿ ಇದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಿಸಿದರೆ ನಡೆಯುವವರು ತಾಳ್ಮೆ ಕಳೆದುಕೊಂಡು ಅಪಾಯಕ್ಕೆ ಇಳಿಯುತ್ತಾರೆ ಎಂದು ಅಮೆರಿಕದ ರಸ್ತೆ ಎಂಜಿನಿಯರುಗಳ ಕೈಪಿಡಿಯೇ ಹೇಳುತ್ತದೆ. ಅಲ್ಲಿಯವರ ತಾಳ್ಮೆಯೇ ಅಷ್ಟು. ಕಣ್ಣೆದುರಿಗೆ ಬಸ್ಸು ಬಂದು ನಿಂತಿರುವಾಗ, ಅದು ತಪ್ಪಿದರೆ ಕೆಲಸಕ್ಕೆ ತಡವಾಗುವಾಗ, ನಮ್ಮವರು ಎರಡು ನಿಮಿಷ ಕಾಯಲಿ ಎಂದು ಬಯಸುವುದು ನ್ಯಾಯವಲ್ಲ. ಹುಬ್ಬಳ್ಳಿ–ಧಾರವಾಡದಂಥ ದಾರಿಗೆ ಬೇಕಾದ ಉಪಾಯಗಳು ದುಬಾರಿಯವೂ ಅಲ್ಲ. ಜೀಬ್ರಾ ಪಟ್ಟೆಯನ್ನು ಫುಟ್‌ಪಾತಿನ ಎತ್ತರಕ್ಕೆ ಎತ್ತಿ ಕಟ್ಟಿದರೆ ವಾಹನ ತಾನಾಗಿ ನಿಧಾನಿಸುತ್ತದೆ, ಗಾಲಿಕುರ್ಚಿ ಇಳಿದು ಹತ್ತಬೇಕಾಗುವುದಿಲ್ಲ. ಮಾಸಿದ ಬಣ್ಣವನ್ನು ವರ್ಷಕ್ಕೊಮ್ಮೆಯಾದರೂ ಬಳಿಯಬೇಕು. ಬೆಳಕು ದಾಟುವ ಜಾಗದ ಮೇಲೆ ಬೀಳಬೇಕು.

ಈಚೆಗೆ ಚಿಗರಿಯ ಬದಲು ವಿದ್ಯುತ್ತಿನ ಉದ್ದನೆಯ ಹೊಸ ವಾಹನ ತರುವ ಮಾತು ನಡೆದಿದೆ. ಬರಲಿ, ತಪ್ಪಿಲ್ಲ. ಆದರೆ ಯಾವ ವಾಹನ ಬಂದರೂ ಅದು ನಡುರಸ್ತೆಯಲ್ಲೇ ನಿಲ್ಲುವುದಾದರೆ, ಆ ಹತ್ತು ಹದಿನೈದು ಮೀಟರಿನ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಯೋಜನೆಯ ಹಣದಲ್ಲಿ ಮೊದಲ ಪಾಲು ಅದಕ್ಕೇ ಸಲ್ಲಬೇಕು.

ಸೈಕಲ್ಲಿನವರ ವಿಷಯದಲ್ಲಿ ಹುಬ್ಬಳ್ಳಿಗೆ ಒಂದು ಒಳ್ಳೆಯ ಆಲೋಚನೆ ಹೊಳೆದಿತ್ತು ಎನ್ನಬೇಕು. ಹೆದ್ದಾರಿಯ ಅಂಚಿನಲ್ಲೇ ಜಾಗಕ್ಕೆ ಗುದ್ದಾಡುವುದು ಬಿಟ್ಟು, ಉಣಕಲ್ ಕೆರೆಯಿಂದ ಹೊರಡುವ ನಾಲೆಯ ದಂಡೆಯ ಮೇಲೆ ನಡಿಗೆಗೂ ಸೈಕಲ್ಲಿಗೂ ಹಸಿರು ಪಥ ಮಾಡಲು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕೈಹಾಕಿದರು. ನಾಲೆ ಊರಿನ ಒಳಗಿನಿಂದ ಹರಿಯುತ್ತದೆ, ಲಾರಿಗೆ ಅಲ್ಲಿ ಕೆಲಸವಿಲ್ಲ. ಇಂಥ ಹಿಂದಿನ ದಾರಿಗಳು ಪ್ರತಿ ಊರಿನಲ್ಲೂ ಇವೆ: ಕೆರೆ ಏರಿ, ರೈಲ್ವೆ ಹಳಿಯ ಪಕ್ಕದ ಓಣಿ, ಹಳೆಯ ಗಾಡಿ ದಾರಿ. ಅವನ್ನು ನಿಲ್ದಾಣಕ್ಕೆ ಜೋಡಿಸುವ ಕೊನೆಯ ನೂರು ಮೀಟರ್ ಮಾತ್ರ ಎಲ್ಲ ಕಡೆಯೂ ಕೈತಪ್ಪಿ ಹೋಗುತ್ತದೆ.

ಹುಬ್ಬಳ್ಳಿ ದಾಟಿ ಬೆಂಗಳೂರಿನ ಕಡೆ ಹೊರಟರೆ ಹೆದ್ದಾರಿ ತನ್ನ ನಿಜವಾದ ವೇಗಕ್ಕೆ ಬರುತ್ತದೆ. ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ. ಎಲ್ಲ ಊರಿಗೂ ಬೈಪಾಸ್. ರಾತ್ರಿ ಬಸ್ಸಿನಲ್ಲಿ ಬಂದವರಿಗೆಲ್ಲ ಗೊತ್ತಿರುವ ಒಂದು ಮಾತಿದೆ: “ಬಸ್ಸು ಸ್ಟ್ಯಾಂಡಿಗೆ ಹೋಗಲ್ಲ, ಬೈಪಾಸಲ್ಲೇ ಇಳ್ಕೊಳ್ಳಿ.” ಬೆಳಗಿನ ಜಾವ ಮೂರೂವರೆ, ನಿದ್ದೆಗಣ್ಣು, ಎರಡು ಬ್ಯಾಗು, ಎಳೆಯ ಮಗು. ಬಸ್ಸು ಹೊರಟುಹೋದ ಮೇಲೆ ಉಳಿಯುವುದು ಕತ್ತಲು ಮತ್ತು ಆರು ಲೇನಿನ ರಸ್ತೆ. ಊರು ಆಚೆ ಬದಿಗೆ. ಅಂಡರ್‌ಪಾಸ್ ಒಂದು ಫರ್ಲಾಂಗೋ ಎರಡೋ ದೂರ, ಅಲ್ಲಿ ದೀಪ ಇರುತ್ತದೆಂಬ ಖಾತ್ರಿಯಿಲ್ಲ. ಹೀಗಾಗಿ ಮೀಡಿಯನ್ನಿನ ಗಿಡಗಳ ನಡುವೆ ತುಳಿದು ತುಳಿದು ನುಣ್ಣಗಾದ ಕಾಲುದಾರಿಯನ್ನೇ ಹಿಡಿಯುತ್ತಾರೆ.

ಆ ಕಾಲುದಾರಿಯನ್ನು ರಸ್ತೆ ಮಾಡುವವರು ಅಶಿಸ್ತಿನ ಗುರುತು ಎಂದು ನೋಡಿ ಬೇಲಿ ಹಾಕಿಸುತ್ತಾರೆ. ನಿಜವಾಗಿ ನೋಡಿದರೆ, ಜನ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ನಕ್ಷೆ ಇಲ್ಲ. ಬಸ್ಸು ನಿಲ್ಲುವ ಜಾಗವನ್ನು ಅಂಡರ್‌ಪಾಸಿನ ಬಾಯಿಗೇ ತಂದರೆ, ಅಲ್ಲಿ ಎರಡು ದೀಪ ಹಾಕಿದರೆ, ಸರ್ವಿಸ್ ರಸ್ತೆಯ ಮೇಲೇ ಬಸ್ಸು ಇಳಿಸುವ ಹಾಗೆ ಮಾಡಿದರೆ, ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಕತ್ತಲಲ್ಲಿ ದಾಟುವವರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಲಾರಿ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಿಧಾನ ನಡೆಯುವವರು ಮೂರು ಲೇನು ದಾಟಲು ಹದಿಮೂರು ಸೆಕೆಂಡು ತೆಗೆದುಕೊಂಡರೆ, ಅಷ್ಟರಲ್ಲಿ ಲಾರಿ 280 ಮೀಟರಿಗೂ ಹೆಚ್ಚು ಬಂದಿರುತ್ತದೆ. ಅಂದರೆ ಕಾಲು ಕಿಲೋಮೀಟರಿಗೂ ಆಚೆ ಕಾಣುವ ಎರಡು ದೀಪಗಳನ್ನು ನೋಡಿ ಅದರ ವೇಗವನ್ನು ಅಂದಾಜು ಮಾಡಬೇಕು. ಅದು ಮನುಷ್ಯರ ಕಣ್ಣಿಗೆ ಆಗುವ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾರು ಗುದ್ದಿದ ಪಾದಚಾರಿಯ ಸಾವಿನ ಅಪಾಯ 50 ಕಿಲೋಮೀಟರ್ ವೇಗದಿಂದ 65ಕ್ಕೆ ಏರುವಷ್ಟರಲ್ಲಿ ನಾಲ್ಕೂವರೆ ಪಟ್ಟಾಗುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು, 4,836 ಮಂದಿ ಸೈಕಲ್ ಸವಾರರು. ಒಟ್ಟು ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆದದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಕೇಂದ್ರ ಸರ್ಕಾರದ್ದೇ ವರದಿ ಇದು. ಈ ಪಾದಚಾರಿಗಳಲ್ಲಿ ಎಷ್ಟೋ ಜನ ಬಸ್ಸು ಹಿಡಿಯಲು ಹೊರಟವರೋ ಬಸ್ಸಿಳಿದು ಮನೆಗೆ ಹೊರಟವರೋ ಆಗಿರಲೇಬೇಕು, ಆದರೆ ಅಂಕಿ–ಅಂಶದ ಕೋಷ್ಟಕದಲ್ಲಿ ಅವರು ಬರೀ ಪಾದಚಾರಿಗಳು. ಬಸ್ ಪ್ರಯಾಣಿಕರ ಲೆಕ್ಕಕ್ಕೆ ಅವರು ಸೇರುವುದಿಲ್ಲ. ಹೀಗಾಗಿ ಬಸ್ಸು ಓಡಿಸುವವರಿಗೆ ಇದು ತಮ್ಮ ಸಮಸ್ಯೆ ಎಂದು ಅನಿಸುವುದೂ ಇಲ್ಲ.

ನೆಲಮಂಗಲ ಕಳೆದು ಬೆಂಗಳೂರಿನ ಅಂಚಿಗೆ ಬಂದರೆ ಅದೇ ಪಿ.ಬಿ. ರಸ್ತೆಗೆ ತುಮಕೂರು ರಸ್ತೆ ಎಂದು ಹೆಸರು. ಇಲ್ಲಿ ಮೆಟ್ರೊ ಇದೆ. 2014ರಲ್ಲಿ ಪೀಣ್ಯ ಇಂಡಸ್ಟ್ರಿಯಿಂದ, 2015ರಲ್ಲಿ ನಾಗಸಂದ್ರದಿಂದ, 2024ರ ನವೆಂಬರ್ 7ರಿಂದ ಮಾದಾವರದಿಂದ ಹಸಿರು ಮಾರ್ಗದ ರೈಲು ಹೊರಡತೊಡಗಿತು. ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ ಎಂಬ ಮೂರು ನಿಲ್ದಾಣಗಳ ಕೊನೆಯ ತುಂಡು ಸುಮಾರು ಮೂರು ಕಿಲೋಮೀಟರಿನದು. ಅಷ್ಟಕ್ಕೇ ಜನ ಎಷ್ಟೋ ವರ್ಷ ಕಾದರು. ಮೇಲೆ ಎಲ್ಲ ಚೆನ್ನಾಗಿದೆ: ಶುಚಿಯಾದ ಅಂಗಳ, ಎಸ್ಕಲೇಟರು, ಹೊತ್ತಿಗೆ ಸರಿಯಾಗಿ ಬರುವ ರೈಲು.

ಕಷ್ಟ ಶುರುವಾಗುವುದು ಕೊನೆಯ ಮೆಟ್ಟಿಲಿನಲ್ಲಿ. ಹೆದ್ದಾರಿಯ ಮೇಲಿನ ನಿಲ್ದಾಣಗಳಲ್ಲಿ ಮೆಟ್ಟಿಲು ಇಳಿಯುವುದು ಸರ್ವಿಸ್ ರಸ್ತೆಯ ಅಂಚಿಗೆ. ಅಲ್ಲಿ ಆಟೊ ಸಾಲು ನಿಂತಿರುತ್ತದೆ. ಅದರಾಚೆ ಬಿ.ಎಂ.ಟಿ.ಸಿ. ಬಸ್ಸು, ಅದರ ಸಂದಿನಲ್ಲಿ ನುಗ್ಗುವ ಬೈಕು, ಎದುರು ದಿಕ್ಕಿನಿಂದ ಬರುವ ಇನ್ನೊಂದು ಬೈಕು. ಫುಟ್‌ಪಾತ್ ಇದ್ದ ಜಾಗವನ್ನು ಮೆಟ್ಟಿಲೇ ನುಂಗಿದ ಕಡೆಗಳಲ್ಲಿ ನಡೆಯುವವರು ಮೆಟ್ಟಿಲು ಸುತ್ತಿ ಡಾಂಬರಿಗೆ ಇಳಿಯಬೇಕು. ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕು, ಅದರ ಅಂಚು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. 1.8 ಮೀಟರ್ ಎಂದರೆ ಎರಡು ಗಾಲಿಕುರ್ಚಿ ಎದುರುಬದುರಾಗಿ ಹಾಯುವಷ್ಟು. ತುಮಕೂರು ರಸ್ತೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಒಂದು ತೆರೆದ ಮೋರಿ, ಒಂದು ಅಂಗಡಿಯ ಬೋರ್ಡು ಸೇರಿದರೆ ಅಷ್ಟೂ ಮುಗಿಯುತ್ತದೆ.

ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಿಂದ ಬೆಳೆದದ್ದು. ಲೇತು, ಎರಕ, ಪ್ಯಾಕಿಂಗು, ಗಾರ್ಮೆಂಟ್ಸು, ಎಲ್ಲವೂ ಅಲ್ಲಿವೆ. ಶಿಫ್ಟ್ ಬಿಡುವ ಹೊತ್ತಿಗೆ ಗಾರ್ಮೆಂಟ್ಸಿನ ಹೆಂಗಸರು ಕೊರಳಲ್ಲಿ ಐ.ಡಿ. ಕಾರ್ಡು, ಕೈಯಲ್ಲಿ ಟಿಫಿನ್ ಬ್ಯಾಗು ಹಿಡಿದು ಗುಂಪಾಗಿಯೇ ರಸ್ತೆಗಿಳಿಯುತ್ತಾರೆ. ಒಬ್ಬಳು ಮುಂದೆ ಕೈ ಚಾಚಿ ನಿಲ್ಲುತ್ತಾಳೆ. “ಬನ್ರೇ, ಬನ್ರೇ, ಅಕ್ಕ ನೀನೂ ಬಾ.” ಹತ್ತು ಜನ ಒಟ್ಟಿಗೆ ಇಳಿದರೆ ವಾಹನ ನಿಲ್ಲುತ್ತದೆ, ಒಬ್ಬಳೇ ಇಳಿದರೆ ನಿಲ್ಲುವುದಿಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಓವರ್‌ಟೈಮ್ ಮಾಡಿ ತಡವಾಗಿ ಹೊರಡುವವಳಿಗೆ ಆ ಗುಂಪಿನ ಆಸರೆಯೂ ಇಲ್ಲ.

ಹೆದ್ದಾರಿ ಪ್ರಾಧಿಕಾರದ ಮೇಲ್ಸೇತುವೆ ಇಲ್ಲಿ ಲಾರಿಗಳನ್ನು ಮೇಲಕ್ಕೆತ್ತಿ ಕೆಳಗಿನ ರಸ್ತೆಯನ್ನು ಊರಿಗೆ ಬಿಟ್ಟುಕೊಡುತ್ತದೆ ಎಂಬ ನಂಬಿಕೆ ಇತ್ತು. ಡಾ. ಶಿವಕುಮಾರ ಸ್ವಾಮೀಜಿ ಹೆಸರಿನ ಆ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಮುಚ್ಚಿದಾಗ ಅಷ್ಟೂ ವಾಹನ ಕೆಳಗೆ ಬಂತು. ಎರಡು ತಿಂಗಳಲ್ಲಿ ಕಾರು, ಬೈಕುಗಳಿಗೆ ಮೇಲೆ ಹೋಗಲು ಬಿಟ್ಟರೂ ಭಾರಿ ವಾಹನಗಳು ಬಹುಕಾಲ ಕೆಳಗೇ ಓಡಿದವು. ಮೆಟ್ರೊ ಹಿಡಿಯಲು ದಾಟುವವರು ಆ ಲಾರಿಗಳ ನಡುವೆಯೇ ದಾಟಿದರು. ಪಾದಚಾರಿಯ ಸುರಕ್ಷತೆಯನ್ನು ಇನ್ನೊಂದು ಕಾಮಗಾರಿಯ ಆಯಸ್ಸಿಗೆ ಕಟ್ಟಿಹಾಕಿದರೆ ಹೀಗೇ ಆಗುತ್ತದೆ.

ಕಬ್ಬಿಣದ ಪಾದಚಾರಿ ಮೇಲ್ಸೇತುವೆ ಕಟ್ಟಿಬಿಟ್ಟರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಲಾರಿ ಹಾಯುವ ಎತ್ತರ, ಸೇತುವೆಯ ದಪ್ಪ ಎಲ್ಲ ಸೇರಿ ಆರು ಮೀಟರ್ ಏರಬೇಕು, ಅಂದರೆ ಸುಮಾರು ನಲವತ್ತು ಮೆಟ್ಟಿಲು, ಆಮೇಲೆ ನಲವತ್ತು ಇಳಿಯಬೇಕು. ಮೆಟ್ಟಿಲಿನ ಬದಲು ಗಾಲಿಕುರ್ಚಿಗೆ ಹೊಂದುವ ಇಳಿಜಾರು ಮಾಡಿದರೆ ಹನ್ನೆರಡಕ್ಕೊಂದರ ಲೆಕ್ಕದಲ್ಲಿ ಪ್ರತಿ ಬದಿಗೂ 72 ಮೀಟರ್ ಬೇಕು. ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತು ಬಂದವಳು ಹತ್ತೂವರೆ ಮೀಟರಿನ ದಾರಿಯ ಬದಲು ಇದನ್ನು ಆರಿಸಿಕೊಳ್ಳಲಿ ಎಂದರೆ ಹೇಗೆ? ಲಿಫ್ಟ್ ಇದ್ದು, ಅದು ಓಡುತ್ತಿದ್ದು, ಮೇಲೆ ಬೆಳಕೂ ಜನಸಂಚಾರವೂ ಇದ್ದರೆ ಮಾತು ಬೇರೆ. ಹೆದ್ದಾರಿಯ ಮೇಲೇ ನಿಂತ ಮೆಟ್ರೊ ನಿಲ್ದಾಣಕ್ಕೆ ಇವೆಲ್ಲ ಮೊದಲೇ ಇರುತ್ತವೆ. ಟಿಕೆಟ್ ಗೇಟಿನ ಹೊರಗಿನ ಅಂಗಳವನ್ನು ರಸ್ತೆಯ ಎರಡೂ ಬದಿಗೆ ತೆರೆದಿಟ್ಟರೆ, ರೈಲು ಹತ್ತದವರಿಗೂ ಅದೇ ಸೇತುವೆ. ವೇಗ ತಗ್ಗಿಸಲಾಗದ ಹೆದ್ದಾರಿಗೆ ಇದು ಸರಿ. ಊರೊಳಗಿನ ರಸ್ತೆಗೆ ನೆಲದ ಮೇಲಿನ ದಾಟುದಾರಿಯೇ ಸರಿ, ಅಲ್ಲಿ ಬಗ್ಗಬೇಕಾದದ್ದು ವಾಹನದ ವೇಗ.

ಸೈಕಲ್ಲಿನವರು ಇನ್ನೂ ಒಂಟಿ. ಪೀಣ್ಯದ ಸುತ್ತ ಹ್ಯಾಂಡಲಿಗೆ ಬುತ್ತಿ ತೂಗಿಸಿಕೊಂಡು ಹೋಗುವ ಕೆಲಸಗಾರರಿದ್ದಾರೆ, ಸೆಕ್ಯೂರಿಟಿ ಕೆಲಸದವರಿದ್ದಾರೆ. ಯೂ–ಟರ್ನ್ ದೂರವಿರುವುದರಿಂದ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೇ ತುಳಿಯುತ್ತಾರೆ. ತಪ್ಪೆಂದು ಅವರಿಗೂ ಗೊತ್ತು, ಆದರೆ ಸರಿಯಾದ ದಾರಿ ಹಿಡಿದರೆ ಲಾರಿಗಳ ಜೊತೆ ಒಂದು ಕಿಲೋಮೀಟರ್ ತುಳಿಯಬೇಕು. ಇನ್ನೊಂದು ಸಣ್ಣ ಅಳತೆ ಕೂಡ ಇದೆ. ಸೈಕಲ್ಲಿನ ಉದ್ದ ಸುಮಾರು 1.8 ಮೀಟರ್. ರಸ್ತೆ ನಡುವಿನ ವಿಭಜಕ ಒಂದೂಕಾಲು ಮೀಟರ್ ಇದ್ದರೆ ನಡೆಯುವವರು ನಿಂತಾರು, ಸೈಕಲ್ಲಿನ ಒಂದು ಚಕ್ರ ಮಾತ್ರ ಲೇನಿನಲ್ಲೇ ಚಾಚಿರುತ್ತದೆ. ವಿಭಜಕ ಎರಡು ಮೀಟರ್ ಇರಬೇಕು ಎನ್ನುವುದು ಈ ಕಾರಣಕ್ಕೆ.

ಬೆಂಗಳೂರು ಸೈಕಲ್ಲಿಗೆ ಜಾಗ ಮಾಡಲು ಪ್ರಯತ್ನಿಸಿಲ್ಲವೆಂದಲ್ಲ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಹೊರವರ್ತುಲ ರಸ್ತೆಯ ಒಂದು ಬದಿಗೆ ಕಂಬ ನೆಟ್ಟು ಸೈಕಲ್ ಪಥ ಬಿಡಿಸಿದರು. ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಬಂತು. ಮಡಿಸುವ ಸೈಕಲ್ಲನ್ನು ನಮ್ಮ ಮೆಟ್ರೊದಲ್ಲಿ ಒಯ್ಯಬಹುದು. ಕೊಚ್ಚಿ ಮೆಟ್ರೊ ಅದೇ 2020ರಲ್ಲಿ ಸಾಮಾನ್ಯ ಸೈಕಲ್ಲಿಗೂ ಬಾಗಿಲು ತೆರೆಯಿತು. ನೆದರ್ಲೆಂಡ್ಸಿನ ಉಟ್ರೆಕ್ಟ್ ರೈಲು ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗ 2019ರಲ್ಲಿ ಪೂರ್ಣವಾಯಿತು, ಅಲ್ಲಿಗೆ ತುಳಿದುಕೊಂಡೇ ಒಳಗೆ ಹೋಗಬಹುದು. ಅಷ್ಟು ದೊಡ್ಡದು ಪೀಣ್ಯಕ್ಕೆ ಬೇಕಿಲ್ಲ. ಮೆಟ್ಟಿಲ ಪಕ್ಕ ಸೈಕಲ್ ಚಕ್ರ ಉರುಳಿಸಲು ಒಂದು ಚಡಿ, ಕೆಳಗೆ ಬೀಗ ಹಾಕಲು ಸರಳು, ಕಾವಲಿಗೆ ಒಬ್ಬರು, ಇಷ್ಟಿದ್ದರೆ ಬರುವವರು ಬರುತ್ತಾರೆ. ಹುಬ್ಬಳ್ಳಿಯಂತೆ ನಡುರಸ್ತೆಯ ಬಸ್ಸನ್ನೇ ನೆಚ್ಚಿದ ಕೊಲಂಬಿಯಾದ ಬೊಗೊಟಾ ತನ್ನ ಟ್ರಾನ್ಸ್‌ಮಿಲೆನಿಯೊದ ದೊಡ್ಡ ನಿಲ್ದಾಣಗಳಲ್ಲಿ ಸೈಕಲ್ ನಿಲುಗಡೆಯನ್ನು ನಿಲ್ದಾಣದ ಭಾಗವಾಗಿಯೇ ಕಟ್ಟಿದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗುವುದಿಲ್ಲ? ತುಮಕೂರು ರಸ್ತೆಯ ಒಂದೇ ಜೀಬ್ರಾ ಪಟ್ಟೆಯ ಮೇಲೆ ನಿಂತು ನೋಡಿದರೆ ಕಾರಣ ಕಾಣುತ್ತದೆ. ಮುಖ್ಯರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ನಿಲ್ದಾಣ ಮೆಟ್ರೊ ನಿಗಮದ್ದು, ಬಸ್ಸು ಬಿ.ಎಂ.ಟಿ.ಸಿ.ಯದ್ದು, ಒಳರಸ್ತೆ ಪಾಲಿಕೆಯದ್ದು, ಸಂಚಾರ ಪೊಲೀಸರದ್ದು. ಮನೆಯಿಂದ ರೈಲಿನವರೆಗೆ ನಡೆಯುವ ಮನುಷ್ಯರು ಯಾರ ಹೊಣೆಯೂ ಅಲ್ಲ. ಕಾನೂನಿನ ದಾರಿ ಈಚೆಗೆ ತುಸು ತೆರೆದಿದೆ. ವಿನ್ಯಾಸದ ಮಾನದಂಡ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ ರಸ್ತೆಯ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಂ ಹೇಳುತ್ತದೆ. ಪಾದಚಾರಿ ಮಾರ್ಗ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಒಂದು ಲಕ್ಷದ ದಂಡ ಕಡಿಮೆಯೇ, ಆದರೂ ಗುದ್ದಿದವರ ಮತ್ತು ಗುದ್ದಿಸಿಕೊಂಡವರ ತಪ್ಪನ್ನಷ್ಟೇ ಹುಡುಕುತ್ತಿದ್ದ ಕಾನೂನು ರಸ್ತೆ ಮಾಡಿದವರ ಕಡೆಗೂ ತಿರುಗಿದೆ.

ಈಗ ಮಾದಾವರದಿಂದಾಚೆ ತುಮಕೂರಿನವರೆಗೆ ಮೆಟ್ರೊ ಒಯ್ಯುವ ಪ್ರಸ್ತಾವವಿದೆ. ಅದು ಬಂದರೆ ಇದೇ ಹೆದ್ದಾರಿಯ ಗುಂಟ ನೆಲಮಂಗಲ, ದಾಬಸ್‌ಪೇಟೆಯ ಕಡೆಗಳಲ್ಲಿ ಹೊಸ ನಿಲ್ದಾಣಗಳು ಏಳುತ್ತವೆ. ಕಂಬ ನೆಡುವ ಮೊದಲೇ ತೀರ್ಮಾನವಾಗಬೇಕಾದ ವಿಷಯಗಳು ಕೆಲವು: ಮೆಟ್ಟಿಲು ಫುಟ್‌ಪಾತನ್ನು ತಿನ್ನದ ಹಾಗೆ ಎಲ್ಲಿಗೆ ಇಳಿಯಬೇಕು, ಲಿಫ್ಟ್ ರಸ್ತೆಯ ಎರಡೂ ಬದಿಗೆ ಇರುತ್ತದೆಯೋ ಇಲ್ಲವೋ, ಬಸ್ಸು ಎಲ್ಲಿ ನಿಂತರೆ ಇಳಿದವರು ಅದರ ಮುಂದಿನಿಂದ ಓಡದೆ ಹಿಂದಿನಿಂದ ದಾಟುತ್ತಾರೆ, ಹಳ್ಳಿಯಿಂದ ಬರುವ ಸೈಕಲ್ ದಾರಿ ಸರ್ವಿಸ್ ರಸ್ತೆಗೆ ಎಲ್ಲಿ ಸೇರಬೇಕು. ಅದಕ್ಕಾಗಿ ಎಂಜಿನಿಯರುಗಳು ದಾಬಸ್‌ಪೇಟೆಯ ಕಾರ್ಖಾನೆಗಳ ಶಿಫ್ಟ್ ಬಿಡುವ ಹೊತ್ತಿಗೆ ಬಂದು, ಜನ ಈಗ ಎಲ್ಲಿ ದಾಟುತ್ತಿದ್ದಾರೆಂದು ಗುರುತು ಹಾಕಿಕೊಂಡು ಹೋಗಲಿ. ನಿಲ್ದಾಣದ ನಕ್ಷೆಗೆ ಮೊದಲ ಗೆರೆಯನ್ನು ಆ ಗುರುತುಗಳಿಂದಲೇ ಎಳೆಯಬಹುದು.